ಐವತ್ತೈದು ದಾಟಿದರೆ ಬರುವ ನಡುಕ

ಶಕುಂತಲಮ್ಮನವರನ್ನು ಮೊದಲ ಸಲ ಕಂಡಾಗ ನನಗೆ ಅವರು ಕಾಣಲೇ ಇಲ್ಲ. ಕಂಡದ್ದು ಅವರ ಕಾರು. ವಿನೋಬನಗರದ ಒಂದು ಇಳಿಜಾರು ಅಡ್ಡರಸ್ತೆಯಲ್ಲಿ ಕೆನೆಬಣ್ಣದ ಹಳೆಯ ಫಿಯೆಟ್ಟೊಂದು ನನ್ನ ಕಡೆಗೇ ನಿಧಾನವಾಗಿ ಬರುತ್ತಿತ್ತು, ಸ್ಟೇರಿಂಗಿನ ಹಿಂದೆ ಯಾರೂ ಇರಲಿಲ್ಲ.

ಬಾಡಿಗೆ ರೂಮು ಹುಡುಕುತ್ತ ಬಂದವನು ನಾನು. ಹ್ಯಾಂಡ್‌ಬ್ರೇಕು ಬಿಟ್ಟುಕೊಂಡು ಕಾರು ತಾನೇ ಉರುಳಿ ಬರುತ್ತಿದೆ ಎಂದು ತಕ್ಷಣ ತೀರ್ಮಾನಿಸಿದೆ. ಮುಂದೆ ಸೊಪ್ಪಿನ ತಳ್ಳುಗಾಡಿ, ಅದರ ಸುತ್ತ ನಾಲ್ಕಾರು ಹೆಂಗಸರು. ಜನರ ಪ್ರಾಣ ಉಳಿಸುವ ಅವಕಾಶ ನನ್ನಂಥವನಿಗೆ ದಿನಾ ಸಿಗುವುದಿಲ್ಲ. ಕೈಚೀಲ ಎಸೆದು ಓಡಿಹೋಗಿ ಬಾಗಿಲ ಹಿಡಿಕೆಗೆ ಜೋತುಬಿದ್ದೆ. ಕಾರು ನಿಂತಿತು. ನಾನೇ ನಿಲ್ಲಿಸಿದೆ ಎಂದು ನನಗೆ ಎಷ್ಟು ಖಾತ್ರಿಯಿತ್ತೆಂದರೆ, ಸೊಪ್ಪಿನ ಹೆಂಗಸರ ಕಡೆ ತಿರುಗಿ ಹೆದರಬೇಡಿ ಎಂಬಂತೆ ಕೈ ಕೂಡ ಎತ್ತಿದೆ. ಆಗ ಕಿಟಕಿಯ ಅಂಚಿನ ಕೆಳಗಿನಿಂದ ಒಂದು ದಪ್ಪ ಕನ್ನಡಕ, ಅದರ ಮೇಲೊಂದು ವಿಭೂತಿಯ ಹಣೆ ಮೆಲ್ಲಗೆ ಮೇಲಕ್ಕೆ ಬಂತು.

"ಏನ್ ತಮ್ಮಾ, ಎಲ್ಲಿಗೆ ಹೋಗ್ಬೇಕು? ಆ ಕಡಿಂದ ಹತ್ತು. ಈ ಹಿಡಿಕಿ ಕಿತ್ತು ಕೈಗೆ ಬರ್ತದೆ."

ಅಷ್ಟರಲ್ಲಿ ಅದು ಕಿತ್ತು ನನ್ನ ಕೈಗೆ ಬಂದಾಗಿತ್ತು. ಅದನ್ನು ಹಿಡಿದುಕೊಂಡೇ ಅವರ ಪಕ್ಕ ಕೂತೆ. ಅವರ ಮನೆಯ ಮೇಲಿನ ರೂಮು ಖಾಲಿ ಇದ್ದದ್ದು ನನ್ನ ಪುಣ್ಯ. ಆ ರೂಮಿನಲ್ಲಿ ಈಗಲೂ ಇದ್ದೇನೆ. ನನ್ನ ಹೆಸರು ಹನುಮೇಶ. ಅವರು ಕರೆಯುವುದು "ಮೇಲ್ಮನಿ" ಎಂದು.

ಅವರು ಕುಳ್ಳು. ಕ್ಲಚ್ಚು ಕಾಲಿಗೆ ಎಟುಕಬೇಕಾದರೆ ಸೀಟಿನಲ್ಲಿ ಮುಂದಕ್ಕೆ ಜಾರಬೇಕು, ಜಾರಿದರೆ ತಲೆ ಕೆಳಗೆ ಹೋಗುತ್ತದೆ. ಸ್ಟೇರಿಂಗಿನ ಮೇಲಂಚಿಗೂ ನಡುಕಡ್ಡಿಗೂ ಇರುವ ಸಂದಿಯಲ್ಲೇ ಅವರು ಇಡೀ ದಾವಣಗೆರೆಯನ್ನು ನೋಡುತ್ತಾರೆ. ಶಾಮನೂರಿನ ಕಡೆಯ ಹೊಲಮನೆಯ ಮಗಳು. ವಿನೋಬನಗರದ ಕಾಳಿನ ವ್ಯಾಪಾರಿಯ ಮನೆಗೆ ಸೊಸೆಯಾಗಿ ಬಂದರು. ಯಜಮಾನರು ಅಂಗಡಿಯ ಘನತೆಗೆಂದು ಫಿಯೆಟ್ ಕೊಂಡರಂತೆ, ಓಡಿಸಲು ಅವರಿಗೆ ಭಯ. ಇಟ್ಟುಕೊಂಡ ಡ್ರೈವರು ಒಂದು ಮಧ್ಯಾಹ್ನ ಊಟಕ್ಕೆಂದು ಹೋದವನು ಮರಳಲಿಲ್ಲ. ಹಿಂದಿನ ಸೀಟಿನಲ್ಲಿ ಬೆಕ್ಕು ಮರಿ ಹಾಕಿತು. ಮರಿಗಳು ದೊಡ್ಡವಾಗಿ ಹೋದ ಮೇಲೆ ಶಕುಂತಲಮ್ಮ ಕಾರನ್ನು ಟ್ರ್ಯಾಕ್ಟರಿಗೆ ಕಟ್ಟಿಸಿ ತವರಿಗೆ ಎಳೆಸಿಕೊಂಡು ಹೋದರು. ಸುಗ್ಗಿ ಮುಗಿದ ಕಣದಲ್ಲಿ ತಾವೇ ಕಲಿತರು.

"ಬಣವಿಗೆ ಎರಡು ಸಲ ಗುದ್ದಿದೆ. ಬಣವಿ ಏನೂ ಅನ್ನಲಿಲ್ಲ," ಎನ್ನುತ್ತಾರೆ. "ಆಮೇಲೆ ಯಜಮಾನ್ರು ಇರೋತಂಕ ಹಿಂದಿನ ಸೀಟ್ನಾಗೆ ಕೂತ್ರು. ಕಣ್ಣು ಮುಚ್ಕಂಡು."

ಯಜಮಾನರು ತೀರಿಕೊಂಡ ಮೇಲೆ ಕಾಳಿನಂಗಡಿ ಮುಚ್ಚಿತು. ಮಗ ಬಕ್ಕೇಶ್ ಪಂಪ್‌ಸೆಟ್ಟಿನ ವ್ಯಾಪಾರ ಹಿಡಿದ. ಮನೆಯಲ್ಲಿ ಸುಮ್ಮನೆ ಕೂರಲಾರದೆ ಶಕುಂತಲಮ್ಮ ಹಿತ್ತಲಲ್ಲಿ ಒಲೆ ಹೂಡಿದರು. ಮೈಲಮ್ಮ ಎಂಬಾಕೆಯೂ ಆಕೆಯ ಜೊತೆಯವರಿಬ್ಬರೂ ಬಂದು ಜೋಳದ ರೊಟ್ಟಿ ಬಡಿದು, ಬಟ್ಟೆ ಹಾಸಿ ಒಣಗಿಸಿ ಖಡಕ್ ಮಾಡುತ್ತಾರೆ. ವಾರಕ್ಕೆರಡು ಸಲ ಆ ರೊಟ್ಟಿ ಫಿಯೆಟ್ಟಿನ ಹಿಂದಿನ ಸೀಟಿನಲ್ಲಿ ಕೂತು ಹರಿಹರದ ಖಾನಾವಳಿಗಳಿಗೆ ಹೋಗುತ್ತದೆ. ಖಡಕ್ ರೊಟ್ಟಿಯೆಂದರೆ ಗಾಜಿನ ಹಾಗೆ. ತುಂಡಾದದ್ದನ್ನು ಊಟಕ್ಕೆ ಕೂತವರ ತಟ್ಟೆಗೆ ಇಡುವಂತಿಲ್ಲ. ಟೆಂಪೋದವರು ಅದನ್ನು ಸಿಮೆಂಟು ಚೀಲದಂತೆ ಎತ್ತಿ ಒಗೆಯುತ್ತಾರೆ. ಆದ್ದರಿಂದ ಶಕುಂತಲಮ್ಮ ಯಾರ ಕೈಗೂ ಕೊಡದೆ ತಾವೇ ಒಯ್ಯುತ್ತಿದ್ದರು. ಖಾನಾವಳಿಗಳಲ್ಲಿ ಕೂತು ನಾಲ್ಕು ಮಾತಾಡಿ, ಸೇತುವೆಯ ತನಕ ಹೋಗಿ ಹೊಳೆ ನೋಡಿಕೊಂಡು ಬರುತ್ತಿದ್ದರು. ರೊಟ್ಟಿ ನೆಪವೋ ಹೊಳೆ ನೆಪವೋ ಎಂದು ನಾನು ಒಮ್ಮೆ ಕೇಳಿದ್ದಕ್ಕೆ, "ಕಾರು," ಅಂದಿದ್ದರು.

ಹೋದ ವರ್ಷ ಆ ಕಾರಿಗೆ ರಿಪೇರಿ ಬಂತು. ಗೇರು ಹಾಕಿ ಕ್ಲಚ್ಚು ಬಿಟ್ಟಾಗೆಲ್ಲ ಅಡಿಯಲ್ಲಿ ಟಕ್ ಎಂದು ಬಡಿದ ಸದ್ದು. ಅದನ್ನು ನೋಡುವವನು ಲಿಂಗಣ್ಣ. ಹಳೆಯ ಫಿಯೆಟ್ಟು, ಅಂಬಾಸಿಡರುಗಳಿಗೆ ದಾವಣಗೆರೆಯಲ್ಲಿ ಉಳಿದಿರುವ ವೈದ್ಯರಲ್ಲಿ ತಾನೇ ಹಿರಿಯ ಎಂದು ಅವನು ಹೇಳಿಕೊಳ್ಳುತ್ತಾನೆ, ಬೇರೆಯವರು ಹೇಳುವುದಕ್ಕೆ ಅವಕಾಶ ಕೊಡುವುದಿಲ್ಲ. ಅಡಿಗೆ ತೂರಿ ನೋಡಿ ಶಾಫ್ಟಿನ ಕೀಲಲ್ಲಿರುವ ಕ್ರಾಸು ಸವೆದಿದೆ, ನಡುವಿನ ಬೇರಿಂಗೂ ಹೋಗಿದೆ ಎಂದ.

ಶಾಫ್ಟು ಎಂದರೆ ಇಂಜಿನ್ನಿನ ತಿರುಗುವಿಕೆಯನ್ನು ಹಿಂದಿನ ಚಕ್ರಗಳಿಗೆ ಮುಟ್ಟಿಸುವ ಉದ್ದ ಕೊಳವೆ. ಈ ಕಾರಿನಲ್ಲಿ ಅದು ಎರಡು ತುಂಡು. ಒಂದರ ತುದಿಯ ಹಲ್ಲುಗಳು ಇನ್ನೊಂದರ ಒಳಗೆ ಹೋಗಿ ಕೂರುತ್ತವೆ. ಇದನ್ನು ನಾನು ಇಷ್ಟು ಧೈರ್ಯವಾಗಿ ಹೇಳುತ್ತಿರುವುದು ಈಗ. ನಾನು ಕೆಲಸ ಮಾಡುವುದು ಬಿಡಿಭಾಗದ ಅಂಗಡಿಯ ಗಲ್ಲಾದ ಈಚೆ. ಡಬ್ಬಿಯ ಮೇಲಿನ ನಂಬರು ಓದುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ, ಡಬ್ಬಿಯೊಳಗಿನದು ಗಾಡಿಯ ಯಾವ ಮೂಲೆಗೆ ಹೋಗುತ್ತದೆ ಎಂದರೆ ಗಿರಾಕಿಯ ಮುಖ ನೋಡುತ್ತೇನೆ. ಆದರೂ ಕ್ರಾಸು, ಬೇರಿಂಗು ತಂದುಕೊಟ್ಟವನು ನಾನೇ ಆದ್ದರಿಂದ ಕಾರು ರಿಪೇರಿ ಮಾಡಿದವರಲ್ಲಿ ನಾನೂ ಒಬ್ಬ ಎಂದು ಎರಡು ದಿನ ಬೀಗಿದೆ.

ಮೂರನೆಯ ದಿನ ಹರಿಹರದಿಂದ ಫೋನು ಬಂತು. ಖಾನಾವಳಿಯ ಕೆಂಚಣ್ಣ.

"ಶಕುಂತಲಮ್ಮಾರೇ, ಇವತ್ತು ಕಳಿಸಿದ್ದು ರೊಟ್ಟಿನೋ ಹಿಟ್ಟೋ? ಹಿಟ್ಟಾದ್ರೆ ನಾವೇ ತಿರುಗಿ ತಟ್ಟಿಕಂತೀವಿ, ಹೇಳಿಬಿಡ್ರಿ."

ಶಕುಂತಲಮ್ಮ ನಗಲಿಲ್ಲ. ಕಾರು ಐವತ್ತೈದು ದಾಟಿದ ಕೂಡಲೇ ಅಡಿಯಿಂದ ಒಂದು ನಡುಕ ಏಳುತ್ತದೆ, ಸೀಟಿನಿಂದ ಬೆನ್ನಿಗೆ, ಬೆನ್ನಿನಿಂದ ಹಲ್ಲಿಗೆ ಬರುತ್ತದೆ ಎಂದು ಲಿಂಗಣ್ಣನಿಗೆ ಹೇಳಿದರು. ನಲವತ್ತರಲ್ಲಿ ಇಲ್ಲ. ಎಪ್ಪತ್ತಕ್ಕೆ ಹೋಗುವ ಧೈರ್ಯ ಮಾಡಿಲ್ಲ.

ಲಿಂಗಣ್ಣ ಕಾರು ತೆಗೆದುಕೊಂಡು ವಿನೋಬನಗರದ ಅಡ್ಡರಸ್ತೆಗಳಲ್ಲಿ ಸುತ್ತಿ ಬಂದ. ಆಟೋ, ಹಸು, ನೀರಿನ ಟ್ಯಾಂಕರುಗಳ ನಡುವೆ ಅಲ್ಲಿ ನಲವತ್ತು ದಾಟಿದವನು ನೇರ ಆಸ್ಪತ್ರೆಗೆ ಹೋಗುತ್ತಾನೆ.

"ಗಾಡಿ ಬೆಣ್ಣಿ ಇದ್ದಂಗೈತ್ರಿ," ಎಂದ.

"ಹರಿಹರದ ರಸ್ತ್ಯಾಗೆ ನೋಡು."

"ನೋಡಾದೇನೈತ್ರಿ. ನನ್ ಕೈಯಾಗೆ ಮಾಡಿದ್ದು ನನಗೆ ಗೊತ್ತಿಲ್ವಾ."

ಆದರೂ ನಾಲ್ಕೂ ಚಕ್ರ ಬಿಚ್ಚಿ ತೂಕ ಸರಿ ಮಾಡಿಸಿದ. ಮುಂದಿನ ವಾರವೂ ಕೆಂಚಣ್ಣನಿಗೆ ಹಿಟ್ಟೇ ಮುಟ್ಟಿತು. ಲಿಂಗಣ್ಣ ಮತ್ತೆ ಬಂದ, ಬಾನೆಟ್ಟು ಎತ್ತಿದ, ಇಳಿಸಿದ. ಆಮೇಲೆ ಗೇಟಿನಾಚೆ ಬಕ್ಕೇಶನನ್ನು ಕರೆದು ದನಿ ತಗ್ಗಿಸಿ ಏನೋ ಹೇಳಿದ. ನಾನು ಮೆಟ್ಟಿಲ ಮೇಲೆ ಬಟ್ಟೆ ಒಣಹಾಕುತ್ತಿದ್ದೆ. ಒದ್ದೆ ಬನಿಯನ್ನನ್ನು ಎಷ್ಟು ಹೊತ್ತು ಕೊಡವಿದರೂ ಮಾತು ಪೂರ್ತಿ ಕೇಳಿಸಲಿಲ್ಲ. ಕೊನೆಯದು ಮಾತ್ರ ಕೇಳಿಸಿತು.

"ಗಾಡಿದಲ್ಲ ಬಕ್ಕೇಶಣ್ಣ. ಅವ್ವಾರ ಕೈದು."

ಬಕ್ಕೇಶ್ ಕೆಟ್ಟ ಮಗನಲ್ಲ. ತಾಯಿ ಸೂಜಿಗೆ ದಾರ ಪೋಣಿಸುವಾಗ ಕೈ ಅಲುಗುವುದನ್ನು ನೋಡಿದ್ದ. ನೋಡಿ ಸುಮ್ಮನಿದ್ದ. ಈಗ ಹೆಸರಾಂತ ಮೆಕ್ಯಾನಿಕ್ಕೇ ಹೇಳಿದ ಮೇಲೆ ಅವನ ಭಯಕ್ಕೆ ಒಂದು ರಸೀದಿ ಸಿಕ್ಕಂತಾಯಿತು. ಅವತ್ತು ಸಂಜೆ ಕಾರಿನ ಕೀಲಿ ಗೋಡೆಯ ಮೊಳೆಯಿಂದ ಅವನ ಜೇಬಿಗೆ ಹೋಯಿತು.

"ಟೆಂಪೋದಾಗೆ ಕಳ್ಸಾನ ಅವ್ವಾ. ಒಡದ್ರೆ ಒಡೀಲಿ. ನಿನಗೇನಾದ್ರೂ ಆದ್ರೆ ಯಾರ್ ನೋಡ್ಬೇಕು?"

"ಗಾಡಿಗೆ ಏನೋ ಆಗೈತೆ."

"ಲಿಂಗಣ್ಣ ಇಲ್ಲ ಅಂತಾನಲ್ಲ."

"ಲಿಂಗಣ್ಣ ಅಂದ್ರೆ ವೇದೇನು?"

ಬಕ್ಕೇಶ್ ಉಣ್ಣಲು ಕೂತ. ಮನೆಯಲ್ಲಿ ಜಗಳವೇ ಆಗಲಿಲ್ಲ, ಅದೇ ಕೆಟ್ಟದ್ದು. ಟೆಂಪೋ ಬಂದು ರೊಟ್ಟಿ ಒಯ್ದ ದಿನ ಶಕುಂತಲಮ್ಮ ವರಾಂಡದಲ್ಲಿ ಕೂತು ನಿಂತ ಕಾರನ್ನು ನೋಡುತ್ತಿದ್ದರು. ಮೈಲಮ್ಮ ರೊಟ್ಟಿ ಬಡಿಯುತ್ತ ಕೂಗಿದಳು: "ಅಮ್ಮಾರೇ, ಅದನ್ನ ಹಿಂಗೆ ನೋಡಿದ್ರೆ ಅದ್ರಾಗೆ ತಿರುಗಿ ಬೆಕ್ಕು ಮರಿ ಹಾಕ್ತಾವೆ ನೋಡ್ರಿ." ಅವರು ಮಾತಿಗೆ ಮಾತು ಕೊಡದ್ದನ್ನು ನಾನು ನೋಡಿದ್ದು ಅದೇ ಮೊದಲು.

ಕೆಲವು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಅವರು ಮಗನ ಎದುರಿಗೆ ನಿಂತರು.

"ಒಂದೇ ಸಲ. ಕೊಂಡಜ್ಜಿ ರಸ್ತ್ಯಾಗೆ ನೋಡಾನ, ಅಲ್ಲಿ ಗದ್ಲ ಇಲ್ಲ. ನಾನು ಸ್ಟೇರಿಂಗ್ ಮುಟ್ಟಂಗಿಲ್ಲ. ಲಿಂಗಣ್ಣನೇ ಹೊಡೀಲಿ. ಆಮೇಲೆ ನೀನು ಹೊಡಿ. ಗಾಡಿ ಚೆನ್ನಾಗೈತೆ ಅಂದ್ರೆ ಕೀಲಿ ಕೇಳಲ್ಲ. ಎಂದೂ ಕೇಳಲ್ಲ."

"ಎಂದೂ?"

"ಅಂದ್ನಲ್ಲ."

ಬಕ್ಕೇಶ್ ಒಪ್ಪಿದ. ಸೋಲುವ ಆಟಕ್ಕೆ ತಾಯಿಯೇ ಕರೆದಳಲ್ಲ ಎಂದು ಅವನಿಗೆ ಸಮಾಧಾನವೂ ಸಂಕಟವೂ ಒಟ್ಟಿಗೇ ಆದಂತಿತ್ತು.

ಭಾನುವಾರ ನಾಲ್ವರೂ ಹೊರಟೆವು. ಲಿಂಗಣ್ಣ ಸ್ಟೇರಿಂಗಿನಲ್ಲಿ. ಪಕ್ಕದಲ್ಲಿ ಶಕುಂತಲಮ್ಮ, ಕೈಗಳನ್ನು ಸೆರಗಿನೊಳಗೆ ಹುದುಗಿಸಿಕೊಂಡು. ಹಿಂದೆ ಬಕ್ಕೇಶ್ ಮತ್ತು ನಾನು. ನಮ್ಮಿಬ್ಬರ ನಡುವೆ ಬಟ್ಟೆ ಸುತ್ತಿದ ರೊಟ್ಟಿಯ ಬುಟ್ಟಿಗಳು. ಪರೀಕ್ಷೆ ಮುಗಿದ ಮೇಲೆ ಹಾಗೇ ಹರಿಹರಕ್ಕೆ ಹೋಗಿ ಕೊಟ್ಟುಬಿಡುವುದೆಂದು ಅವರ ಲೆಕ್ಕ. ರೊಟ್ಟಿ ನೋಡಿಕೊಳ್ಳುವ ಹೊಣೆ ನನ್ನದು. ನನ್ನ ಬದುಕಿನಲ್ಲಿ ನನಗೆ ಒಪ್ಪಿಸಿದ ಅತಿ ದೊಡ್ಡ ಹೊಣೆ ಅದೇ ಇರಬೇಕು.

ಊರು ದಾಟಿದ ಮೇಲೆ ರಸ್ತೆ ನೆಟ್ಟಗಾಯಿತು. ಎರಡೂ ಕಡೆ ಭತ್ತದ ಗದ್ದೆ. ಲಿಂಗಣ್ಣ ನಲವತ್ತೆಂಟರಲ್ಲಿ ಹೋಗುತ್ತಿದ್ದ.

"ಒತ್ತು," ಎಂದರು ಶಕುಂತಲಮ್ಮ.

"ಮುಂದೆ ಕುರಿ ಅದಾವ್ರಿ."

ಕುರಿ ದಾಟಿದವು.

"ಈಗ ಒತ್ತು."

"ಟ್ರ್ಯಾಕ್ಟರ್ ಬರ್ತೈತಲ್ರಿ."

ಟ್ರ್ಯಾಕ್ಟರು ಬಹಳ ದೂರದಲ್ಲಿ, ಪಕ್ಕದ ಹೊಲದಲ್ಲಿ ಉಳುತ್ತಿತ್ತು. ಯಾರೂ ನಗಲಿಲ್ಲ. ಲಿಂಗಣ್ಣನ ಕತ್ತು ಬೆವೆತಿದ್ದು ನನಗೆ ಹಿಂದಿನಿಂದ ಕಾಣುತ್ತಿತ್ತು. ಅವನು ಒತ್ತಿದ. ಮುಳ್ಳು ಐವತ್ತು ದಾಟಿತು. ಐವತ್ತೆರಡು. ಬುಟ್ಟಿಗಳು ತಣ್ಣಗಿದ್ದವು. ಬಕ್ಕೇಶ್ ನನ್ನ ಕಡೆ ನೋಡಿದ. ನಾನು ರೊಟ್ಟಿಯ ಕಡೆ ನೋಡಿದೆ.

ಐವತ್ತೈದಕ್ಕೆ ಅದು ಬಂತು. ಮೊದಲು ಪಾದಕ್ಕೆ, ರಸ್ತೆಯಡಿಯಲ್ಲಿ ಯಾರೋ ಗಿರಣಿ ಚಾಲೂ ಮಾಡಿದಂತೆ. ಆಮೇಲೆ ಸೀಟಿಗೆ. ಒಳಗಿನ ಕನ್ನಡಿಯಲ್ಲಿ ಹಿಂದಿನ ರಸ್ತೆ ಕಲಸಿಹೋಯಿತು. ಬುಟ್ಟಿಯೊಳಗೆ ಚಿಟ್ ಎಂದು ಒಂದು ಸದ್ದು, ಅದರ ಹಿಂದೆ ಇನ್ನೊಂದು. ನಾನು ಎರಡೂ ಬುಟ್ಟಿಗಳನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡೆ. ಆಗ ನನ್ನ ತೊಡೆಯೂ ನಡುಗುತ್ತಿದೆ ಎಂದು ತಿಳಿಯಿತು.

"ರಸ್ತಿ ಸರಿ ಇಲ್ರಿ ಇಲ್ಲಿ," ಎಂದ ಲಿಂಗಣ್ಣ.

"ಗೇರ್ ತೆಗೆದು ನ್ಯೂಟ್ರಲ್ ಮಾಡು. ಇಂಜಿನ್ ತಣ್ಣಗಾಗ್ಲಿ, ಗಾಡಿ ಓಡ್ತಾ ಇರ್ಲಿ."

ಅವನು ಹಾಗೆ ಮಾಡಿದ. ಇಂಜಿನ್ನಿನ ಸದ್ದು ಇಳಿಯಿತು, ನಡುಕ ಇಳಿಯಲಿಲ್ಲ. ವೇಗ ಐವತ್ತಕ್ಕೆ ಬಂದ ಮೇಲೆ ತಾನಾಗಿ ಸತ್ತುಹೋಯಿತು.

"ಹಂಗಾದ್ರೆ ಇಂಜಿನ್ನಲ್ಲ, ಕ್ಲಚ್ಚಲ್ಲ," ಎಂದರು ಶಕುಂತಲಮ್ಮ. "ತಿರುಗ್ಸು. ಬಕ್ಕೇಶಾ, ಈಗ ನೀನು ಬಾ. ಅದೇ ರಸ್ತ್ಯಾಗೆ ಈ ಕಡಿಂದ ಆ ಕಡೆ ಹೋಗು. ರಸ್ತಿದೋ ಏನೋ ನೋಡ್ಬಿಡಾನ."

ಬಕ್ಕೇಶ್ ಓಡಿಸಿದ. ಬಂದ ದಾರಿಯಲ್ಲೇ ಮರಳಿ ಹೋದೆವು. ಐವತ್ತೈದಕ್ಕೆ ಅವನ ಕೈಯಲ್ಲಿಯೂ ಅದು ಬಂತು. ಅವನು ಬೆರಳು ಬಿಗಿಹಿಡಿದ, ಸಡಿಲ ಮಾಡಿದ, ಮತ್ತೆ ಬಿಗಿಹಿಡಿದ. ತಾಯಿಯ ಕಡೆ ತಿರುಗಲಿಲ್ಲ. ಕಾರು ನಿಲ್ಲಿಸಿದ.

"ಇದು ಐತೆ," ಎಂದ ಕೊನೆಗೆ. ಆಮೇಲೆ ಇನ್ನೂ ಮೆಲ್ಲಗೆ, "ಆದ್ರೆ ಅವ್ವಾ, ಹಳೇ ಗಾಡಿ. ವಯಸ್ಸಾಗೈತೆ ಅಂದ್ರೆ ಆಗೈತೆ. ಯಾಕ ಅಂತ ಗೊತ್ತಾಗ್ದೆ ನಿನ್ನ ಇದ್ರಾಗೆ ಹೆಂಗೆ ಬಿಡ್ಲಿ? ಯಾವತ್ತೋ ಒಂದಿನ ಕಳಚಿ ಬಿದ್ರೆ?"

ಅವನು ಹೇಳಿದ್ದು ಸರಿಯಾಗಿತ್ತು. ನಡುಕ ಕೈಯದಲ್ಲ ಎಂದಾಯಿತು, ಆದರೆ ಕಾರಣ ಸಿಗದಿದ್ದರೆ ಕೀಲಿ ಅವನ ಜೇಬಿನಲ್ಲೇ ಉಳಿಯುತ್ತದೆ. ಶಕುಂತಲಮ್ಮನಿಗೂ ಅದು ಗೊತ್ತಿತ್ತು. ಅವರು ಲಿಂಗಣ್ಣನ ಕಡೆ ನೋಡಿದರು.

ಮತ್ತೆ ಕಾರು ತಿರುಗಿಸಿ ಕೊಂಡಜ್ಜಿ ಕೆರೆಯ ಹತ್ತಿರ ಒಂದು ಮರದಡಿ ನಿಲ್ಲಿಸಿದೆವು. ಸ್ಕೌಟು ಮೈದಾನದ ಕಡೆಯಿಂದ ಮಕ್ಕಳು ಒಂದೇ ದನಿಯಲ್ಲಿ ಏನೋ ಕೂಗುತ್ತಿದ್ದರು. ಚಕ್ರಗಳಿಗೆ ಕಲ್ಲು ಕೊಟ್ಟು ಜ್ಯಾಕು ಹಾಕಿ ಲಿಂಗಣ್ಣ ಅಡಿಗೆ ತೂರಿದ. ಬೆಳಕು ಹಿಡಿಯಲು ನನ್ನನ್ನು ಕರೆದ. ಚೀಲ ಹಾಸಿಕೊಂಡು ನಾನೂ ಫೋನಿನ ಟಾರ್ಚು ಹಿಡಿದು ತೂರಿದೆ.

ಇಲ್ಲಿ ಲಿಂಗಣ್ಣನ ಕೆಲಸದ ಒಂದು ರೀತಿ ಹೇಳಬೇಕು. ಯಾವ ಎರಡು ಭಾಗಗಳನ್ನು ಬೇರ್ಪಡಿಸುವ ಮೊದಲೂ ಅವುಗಳ ಮೇಲೆ ಸೇರಿಸಿ ಒಂದು ಗೀರು ಎಳೆಯುತ್ತಾನೆ. ಕೂಡಿಸುವಾಗ ಗೀರಿಗೆ ಗೀರು ಸೇರಿಸಿದರೆ ಎದ್ದ ಜಾಗದಲ್ಲೇ ಕೂತಂತಾಯಿತು. ಬೇರೆಯವರು ಸೀಮೆಸುಣ್ಣದಲ್ಲೋ ಉಳಿಯಲ್ಲೋ ಎಳೆಯುತ್ತಾರೆ. ಲಿಂಗಣ್ಣ ಎಳೆಯುವುದು ವಿಭೂತಿ ಗಟ್ಟಿಯಲ್ಲಿ. ಅವನ ಅಂಗಿಯ ಜೇಬಿನಲ್ಲಿ ಅದು ಸದಾ ಇರುತ್ತದೆ. ಬೆಳಿಗ್ಗೆ ಹಣೆಗೆ, ಆಮೇಲೆ ಕಬ್ಬಿಣಕ್ಕೆ. "ಸೀಮೆಸುಣ್ಣ ಅಳಸಿಹೋಗ್ತದೆ, ಇದಕ್ಕೆ ಮರ್ಯಾದಿ ಐತೆ," ಎನ್ನುತ್ತಾನೆ.

ಶಾಫ್ಟಿನ ಎರಡು ತುಂಡು ಸೇರುವಲ್ಲಿ ಬೆಳಕು ಬಿಟ್ಟೆ. ಧೂಳಿನಡಿ ಬಿಳಿಯ ಗೀರು ಮಸುಕಾಗಿ ಕಂಡಿತು. ಈ ತುಂಡಿನದಕ್ಕೂ ಆ ತುಂಡಿನದಕ್ಕೂ ನೆಟ್ಟಗೆ ಕೂಡಿತ್ತು. "ನೋಡಿದ್ಯಾ," ಎಂದ ಲಿಂಗಣ್ಣ, "ಕೂದಲೆಳೆಯಷ್ಟೂ ತಪ್ಪಿಲ್ಲ." ಶಾಫ್ಟನ್ನು ಕೈಯಿಂದ ಒಂದಿಷ್ಟು ತಿರುಗಿಸಿದ. ಆಗ ಒಂದು ತುಂಡಿನ ಮೇಲೆ ಆ ಗೀರಿನ ಪಕ್ಕದಲ್ಲೇ ಇನ್ನೊಂದು ಗೀರು ಬಂತು. ಅದರ ಪಕ್ಕ ಮತ್ತೊಂದು. ಮತ್ತೂ ಒಂದು.

ಅವನ ಕೈ ನಿಂತುಹೋಯಿತು.

ಆಮೇಲೆ ಸ್ಕ್ರೂಡ್ರೈವರಿನ ತುದಿಯಿಂದ ಗ್ರೀಸು, ಹಳೇ ಬಣ್ಣ ಕೆರೆದ. ಅಡಿಯಲ್ಲಿ, ಶಾಫ್ಟು ಹುಟ್ಟುವಾಗ ಕಂಪನಿಯವರೇ ಒತ್ತಿದ ಎರಡು ಸಣ್ಣ ಬಾಣದ ಗುರುತು ಸಿಕ್ಕವು. ಒಂದಕ್ಕೊಂದು ಮುಖ ಮಾಡಿ ನಿಲ್ಲಬೇಕಾದವು ಅವು, ಇಲ್ಲದಿದ್ದರೆ ವೇಗ ಏರಿದಾಗ ಶಾಫ್ಟು ಸಮತೂಕ ತಪ್ಪಿ ನಡುಗುತ್ತದೆ. ನಿಂತಿರಲಿಲ್ಲ. ಎರಡು ಹಲ್ಲು ಪಕ್ಕಕ್ಕೆ ಸರಿದು, ಜಗಳವಾಡಿದ ಓರಗಿತ್ತಿಯರಂತೆ ಒಂದು ಅತ್ತ, ಒಂದು ಇತ್ತ ನೋಡುತ್ತಿದ್ದವು.

ಏನಾಗಿತ್ತೆಂದು ಅವನಿಗೆ ನನಗಿಂತ ಮೊದಲೇ ಹೊಳೆಯಿತು. ಶಾಫ್ಟು ಬಿಚ್ಚಿದ ಮರುದಿನ ಅಮಾವಾಸ್ಯೆ. ಅಮಾವಾಸ್ಯೆಗೆ ಅವನು ಯಾವುದನ್ನೂ ಕೂಡಿಸುವುದಿಲ್ಲ. ಶೆಡ್ಡು ಗುಡಿಸಿ, ಸ್ಪ್ಯಾನರು, ಜ್ಯಾಕು, ಬೆಂಚಿನ ಮೇಲೆ ಬಿಚ್ಚಿಟ್ಟದ್ದು ಎಲ್ಲಕ್ಕೂ ಮೂರು ಬೆರಳಿನಲ್ಲಿ ವಿಭೂತಿ ಎಳೆದು, ಕಾಯಿ ಒಡೆದು, ಬಾಗಿಲು ಹಾಕಿ ಹೋಗುತ್ತಾನೆ. ಶಾಫ್ಟಿಗೂ ಭಕ್ತಿಯಿಂದ ಎಳೆದಿದ್ದ. ಗುರುತೂ ವಿಭೂತಿ, ಪೂಜೆಯೂ ವಿಭೂತಿ. ಮರುದಿನ ಬಂದು ನಾಲ್ಕು ಗೀರಿನಲ್ಲಿ ಪೂಜೆಯದೊಂದನ್ನು ಗುರುತೆಂದು ಹಿಡಿದು ಕೂಡಿಸಿದ್ದ.

ಅವನು ತಲೆ ಹೊರಳಿಸಿ ನನ್ನನ್ನು ನೋಡಿದ. ಅಷ್ಟು ಹತ್ತಿರದಿಂದ ನಾನು ಯಾರ ಮುಖವನ್ನೂ ನೋಡಿರಲಿಲ್ಲ.

"ಹನುಮೇಶಾ," ಎಂದ ಪಿಸುದನಿಯಲ್ಲಿ. "ನೀನು ಇಲ್ಲೇನೂ ನೋಡಿಲ್ಲ. ಶೆಡ್ಡಿಗೆ ತಗಂಡೋಗಿ ನಾಳೆ ಸರಿ ಮಾಡ್ತೀನಿ. ಬೇರಿಂಗ್ ಖರಾಬ್ ಬಂದಿತ್ತು ಅಂತೀನಿ."

ಬೇರಿಂಗು ಕೊಟ್ಟವನು ನಾನು. ಅದನ್ನಾದರೂ ಹೇಳಬಹುದಿತ್ತು. ಹೇಳಲಿಲ್ಲ. ನನ್ನ ಧೈರ್ಯವೆಲ್ಲ ಉರುಳುವ ಕಾರು ನಿಲ್ಲಿಸುವುದರಲ್ಲೇ ಖರ್ಚಾಗಿತ್ತೋ ಏನೋ, ಟಾರ್ಚು ಮಾತ್ರ ನೆಟ್ಟಗೆ ಹಿಡಿದುಕೊಂಡಿದ್ದೆ.

ನಮ್ಮ ಮುಖದ ಪಕ್ಕದಲ್ಲಿ, ಕಾರಿನ ಆಚೆ, ಶಕುಂತಲಮ್ಮನ ಪಾದಗಳು ಬಂದು ನಿಂತವು.

"ಲಿಂಗಣ್ಣ, ಸಿಕ್ತಾ?"

ಅವನು ಸ್ಕ್ರೂಡ್ರೈವರು ಕೆಳಗಿಟ್ಟ. ಅವರೇ ಮುಂದುವರಿಸಿದರು.

"ಕೇಳು. ನೀನು ಮೂವತ್ತು ವರ್ಷದಿಂದ ಈ ಗಾಡಿ ನೋಡೀಯ. ನನ್ನೂ ನೋಡೀಯ. ನನ್ ಮಗ ಹೇಳಿದ್ರೆ ಅವನು ಹೆದರ್ಯಾನೆ ಅಂತ ಬಿಡ್ತೀನಿ. ನೀನು ನನ್ ಮುಖ ನೋಡಿ ಹೇಳ್ಬೇಕು. ಶಕುಂತಲಮ್ಮಾ, ಗಾಡಿಗೆ ವಯಸ್ಸಾತು, ನಿಮಗೂ ಆತು, ಬಿಟ್ಬಿಡ್ರಿ ಅಂತ. ಅಂದುಬಿಡು. ಇಲ್ಲಿಂದ ಬಸ್ಸಿಗೆ ಹೋಗ್ತೀನಿ."

ಮೈದಾನದ ಮಕ್ಕಳು ಕೂಗುವುದನ್ನು ನಿಲ್ಲಿಸಿದ್ದರು. ಮೇಲಿಂದ ಒಂದು ಹನಿ ಎಣ್ಣೆ ಲಿಂಗಣ್ಣನ ಕೆನ್ನೆಯ ಮೇಲೆ ಬಿತ್ತು. ಅವನು ಒರೆಸಿಕೊಳ್ಳಲಿಲ್ಲ. ಆಮೇಲೆ ಅಂಗಾತ ಮಲಗಿದಲ್ಲೇ, ಪಾದಗಳ ಕಡೆಗೆ, ಗಟ್ಟಿಯಾಗಿ ಹೇಳಿದ.

"ನಂದೇ ತಪ್ಪು ಕಣ್ರಿ. ಕೂಡಿಸೋದ್ರಾಗೆ ಎರಡು ಹಲ್ಲು ತಪ್ಪೀನಿ. ಅವ್ವಾರ ಕೈದಲ್ಲ."

ಬಕ್ಕೇಶನ ಚಪ್ಪಲಿಗಳು ಶಕುಂತಲಮ್ಮನ ಪಾದಗಳ ಪಕ್ಕ ಬಂದವು, ಸ್ವಲ್ಪ ನಿಂತವು, ದೂರ ಹೋದವು.

"ಇಲ್ಲೇ ಸರಿ ಮಾಡ್ತೀಯಾ?" ಎಂದರು ಶಕುಂತಲಮ್ಮ.

"ಮಾಡ್ತೀನ್ರಿ."

"ಮಾಡು. ಬೈಗುಳ ಆಮೇಲೆ."

ಹಿಂದಿನ ನಾಲ್ಕು ಬೋಲ್ಟು ಬಿಚ್ಚಿ, ತುಂಡನ್ನು ಹಿಂದಕ್ಕೆಳೆದು, ಅವನು ಬಾಣಕ್ಕೆ ಬಾಣ ಎದುರಾಗಿಸಿ ಒಳಗೆ ಕೂಡಿಸಿದ. ನಾನು ಬೆಳಕು ಹಿಡಿದೆ. ಒಂದು ಬೋಲ್ಟನ್ನು ಕೆಳಗೆ ಬೀಳಿಸಿ ಹುಡುಕಿಕೊಟ್ಟೆ, ಅದೂ ನನ್ನ ಸೇವೆಯೇ. ಕೆಲಸ ಮುಗಿಸಿ ಹೊರಬಂದ ಲಿಂಗಣ್ಣ ಕೈ ಒರೆಸಿಕೊಳ್ಳುತ್ತ ನಿಂತಾಗ ಬಕ್ಕೇಶ್ ಅವನ ಎದುರು ಬಂದ.

"ನನ್ ತಾಯಿ ಕೈ ನಡುಗ್ತದೆ ಅಂತ ಗೇಟಿನತ್ರ ನಿಂತು ಹೇಳಿದ್ಯಲ್ಲ."

"ಹೇಳಿದ್ದೆ ಬಕ್ಕೇಶಣ್ಣ."

"ನಾನು ನಂಬಿದೆ."

"ಅದಕ್ಕೇನು ಮಾಡ್ಲಿ."

ಹೊಡೆದಾಟವೇ ಆಗುತ್ತದೆ ಎಂದು ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಶಕುಂತಲಮ್ಮ ಇಬ್ಬರ ನಡುವೆ ಕೈ ಚಾಚಿದರು, ಮಗನ ಕಡೆಗೆ, ಅಂಗೈ ಮೇಲಾಗಿ. ಬಕ್ಕೇಶ್ ಆ ಕೈಯನ್ನು ನೋಡುತ್ತ ನಿಂತ. ಕೊನೆಗೆ ಜೇಬಿನಿಂದ ಕೀಲಿ ತೆಗೆದಿಟ್ಟ.

ಹರಿಹರದ ಕಡೆಗೆ ಅವರೇ ಓಡಿಸಿದರು. ಲಿಂಗಣ್ಣ ಪಕ್ಕದಲ್ಲಿ, ನಾವಿಬ್ಬರು ಹಿಂದೆ. ಸರಿಯಾಗಿದೆ ಎಂದು ಅವನೇನೋ ಹೇಳಿದ್ದ, ಮೊದಲೂ ಅವನು ಹಾಗೆಯೇ ಹೇಳಿದ್ದ. ನಲವತ್ತು. ನಲವತ್ತೈದು. ಅವರ ತಲೆ ಸೀಟಿನ ಹಿಂದೆ ಮುಚ್ಚಿಹೋಗಿತ್ತು, ಬಿಳಿಯ ತುರುಬಿನ ತುದಿ ಮಾತ್ರ ಕಾಣುತ್ತಿತ್ತು. ಐವತ್ತು. ಬಕ್ಕೇಶ್ ಮುಂದಿನ ಸೀಟಿನ ಹಿಂಬದಿಗೆ ಅಂಗೈ ಒತ್ತಿ ಹಿಡಿದಿದ್ದ. ನಾನು ಬುಟ್ಟಿಯ ಮೇಲೆ ಕಿವಿಯಿಟ್ಟೆ. ಐವತ್ತೈದು. ಲಿಂಗಣ್ಣ ಕಣ್ಣು ಮುಚ್ಚಿಕೊಂಡ. ಶಕುಂತಲಮ್ಮ ನಿಲ್ಲಿಸಲಿಲ್ಲ, ಅರವತ್ತಕ್ಕೆ ಒಯ್ದರು, ಅರವತ್ತೈದಕ್ಕೆ ಒಯ್ದರು. ಕಿಟಕಿಯ ಗಾಜು ಗಾಳಿಗೆ ಗುಂಯ್ ಎನ್ನುತ್ತಿತ್ತು. ಬುಟ್ಟಿಯೊಳಗಿಂದ ಒಂದು ಸದ್ದೂ ಬರಲಿಲ್ಲ.

ಕೆಂಚಣ್ಣ ಬುಟ್ಟಿಯ ಬಟ್ಟೆ ಬಿಡಿಸಿ ಮೇಲಿನಿಂದ ಕೆಳಗೆ ನೋಡುತ್ತ ಹೋದ. ಬೆಳಗ್ಗೆ ಮುರಿದ ಕೆಲವನ್ನು ಎತ್ತಿ ಪಕ್ಕಕ್ಕಿಟ್ಟ.

"ಪರವಾಗಿಲ್ಲ ಬಿಡ್ರಿ, ಇವತ್ತು ರೊಟ್ಟಿ ಆಕಾರ ಐತೆ. ಕೂಡ್ರಿ, ಉಣ್ರಿ. ಲಿಂಗಣ್ಣ, ಕೂಡು. ಯಾಕ ಹಂಗೆ ನಿಂತೀಯ ಸಾಲಗಾರ ನಿಂತಂಗೆ?"

ಲಿಂಗಣ್ಣ ದೂರದ ಬೆಂಚಿನ ತುದಿಗೆ ಹೋಗಿ ಕೂತ. ಶಕುಂತಲಮ್ಮ ಅವನ ತಟ್ಟೆಗೆ ತಾವೇ ಎದ್ದು ಹೋಗಿ ಮುಳಗಾಯಿ ಪಲ್ಯ ಬಡಿಸಿದರು, ಬೈಗುಳವನ್ನೂ ಅದರ ಜೊತೆಗೇ ಬಡಿಸಿದರು. ಅವನು ತಲೆ ಬಗ್ಗಿಸಿ ಎರಡನ್ನೂ ತಿಂದ. ಅವರು ಮರಳಿ ನಮ್ಮ ಎದುರಿಗೆ ಬಂದು ಕೂತು ರೊಟ್ಟಿ ಮುರಿಯತೊಡಗಿದರು.

ಬಕ್ಕೇಶ್ ಊಟ ಮುಟ್ಟಿರಲಿಲ್ಲ. ತಾಯಿಯ ಬೆರಳುಗಳನ್ನೇ ನೋಡುತ್ತಿದ್ದ. ಕೇಳಬಾರದೆಂದು ಅವನಿಗೂ ಗೊತ್ತಿತ್ತು ಅನ್ನಿಸುತ್ತದೆ. ಎಲ್ಲ ಸರಿಹೋದ ಮೇಲೆ, ಅದೂ ಪರರ ಖಾನಾವಳಿಯಲ್ಲಿ, ನನ್ನಂಥ ಬಾಡಿಗೆಯವನ ಮುಂದೆ. ಆದರೂ ಕೇಳಿದ.

"ಅವ್ವಾ, ಲಿಂಗಣ್ಣ ಹೇಳಿದ್ದು ಸುಳ್ಳು, ಆತು. ನೀನು ಹೇಳು. ನಿನ್ ಕೈ ನಡುಗಲ್ವಾ?"

ಶಕುಂತಲಮ್ಮ ಬಾಯಲ್ಲಿದ್ದ ತುತ್ತು ನುಂಗಿದರು.

"ನಡುಗ್ತಾವೆ. ಎರಡು ವರ್ಷ ಆತು. ನನ್ ನಡುಕ ದಿನಾ ನೋಡೋಳು ನಾನು, ಅದಕ್ಕೇ ಅಂದಿದ್ದು ಅದು ನಂದಲ್ಲ, ಗಾಡಿದು ಅಂತ."